ಹಳೆಯ ಕಂಪೈಲರ್ ಇರಲಿ, ಹೊಸದೂ ಬರಲಿ



ಲಿನಕ್ಸ್ ಇರುವ ಕಂಪ್ಯೂಟರಿಗೆ ಹೊಸ ಕಂಪೈಲರ್ ತಂದುಕೊಳ್ಳುವುದು ಹೇಗೆ? ಹಳೆಯದರಿಂದ ಹೊಸದಕ್ಕೆ ಹೊರಳುವುದು ಹೇಗೆ? ಇವತ್ತಿನ ಮಾತು ಇದರ ಬಗ್ಗೆ. ಎಂಜಿನಿಯರಿಂಗ್ ಓದುವವರು, ಡಿಪ್ಲೊಮಾ ಓದುವವರು, ಅವರಿಗೆ ಕಲಿಸುವವರು, ಮನೆಯಲ್ಲೇ ಕುಳಿತು ಪ್ರೋಗ್ರಾಮ್ ಬರೆಯುವವರು ಇದನ್ನು ಕೇಳಬೇಕೆಂದು ನನ್ನ ಆಸೆ. ಒಂದು ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಕೆಲವು ಕಮಾಂಡುಗಳನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಪುಟ್ಟ ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಸಿ ಭಾಷೆಯಲ್ಲಿ ಬರೆದದ್ದು. ಹತ್ತು ಸಾಲು ಇರಬಹುದು. ಕೆಲವು ಸಂಖ್ಯೆಗಳನ್ನು ಕೂಡಿಸಿ ಉತ್ತರ ಹೇಳುತ್ತದೆ, ಅಷ್ಟೆ. ಆದರೆ ಬರೆದ ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಉತ್ತರವನ್ನು ಹಿಡಿದಿಡುವ ವೇರಿಯಬಲ್‌ಗೆ ‘ಸಮ್’ ಎಂದು ಹೆಸರಿಡದೆ ‘ಮೊತ್ತ’ ಎಂದು ಇಟ್ಟಿದ್ದಾಳೆ. ಅದನ್ನು ಕನ್ನಡ ಲಿಪಿಯಲ್ಲೇ ಟೈಪು ಮಾಡಿದ್ದಾಳೆ. ಲೆಕ್ಕ ಕಲಿತ ನುಡಿಯಲ್ಲೇ ಲೆಕ್ಕ ಬರೆದಿದ್ದಾಳೆ. ನನಗೆ ಇದು ಬಹಳ ಸಹಜವಾಗಿ ಕಾಣುತ್ತದೆ.

ಅವಳ ಯಂತ್ರದಲ್ಲಿ ಇರುವುದು ಉಬುಂಟು 20.04 ಎಂಬ ಲಿನಕ್ಸ್. ಅದರೊಂದಿಗೆ ಬಂದ ಕಂಪೈಲರ್ ಜಿಸಿಸಿ, ಆವೃತ್ತಿ 9. ಪ್ರೋಗ್ರಾಮನ್ನು ಅದಕ್ಕೆ ಕೊಟ್ಟರೆ ಪರದೆಯ ಮೇಲೆ ಎರರ್‌ಗಳು ಸಾಲುಗಟ್ಟುತ್ತವೆ. ‘ಸ್ಟ್ರೇ 340 ಇನ್ ಪ್ರೋಗ್ರಾಮ್’ ಎಂದು ಒಂದು. ‘ಸ್ಟ್ರೇ 262’ ಎಂದು ಇನ್ನೊಂದು. ‘ಸ್ಟ್ರೇ 256’ ಎಂದು ಮತ್ತೊಂದು. ಎಲ್ಲಿಂದಲೋ ಬಂದು ಬಿದ್ದ ಕಸ ಎಂಬ ಧಾಟಿ ಅದರದು.

ಈ ಅಂಕಿಗಳು ಎಲ್ಲಿಂದ ಬಂದವು? ಕನ್ನಡದ ಒಂದೊಂದು ಸಂಕೇತವೂ ಫೈಲಿನಲ್ಲಿ ಮೂರು ಬೈಟ್ ಜಾಗ ಹಿಡಿಯುತ್ತದೆ. ‘ಮೊತ್ತ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರಕ್ಕೆ ಅದು ಐದು ಸಂಕೇತ. ಮ, ಅದಕ್ಕೆ ಹತ್ತಿದ ಒಕಾರ, ತ, ಅರ್ಧಾಕ್ಷರದ ಗುರುತು, ಮತ್ತೊಂದು ತ. ಐದು ಮೂರಲ ಹದಿನೈದು ಬೈಟ್. ಮಕಾರದ ಮೂರು ಬೈಟುಗಳನ್ನು ಎಂಟರ ಮಾನದ ಅಂಕಿಗಳಲ್ಲಿ ಬರೆದರೆ 340, 262, 256 ಬರುತ್ತವೆ. ಈ ಮೂರೂ ಸೇರಿ ಒಂದು ಅಕ್ಷರವಾಗುತ್ತದೆ ಎಂಬುದು ಆವೃತ್ತಿ 9ಕ್ಕೆ ವೇರಿಯಬಲ್ ಹೆಸರಿನ ಜಾಗದಲ್ಲಿ ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಬೈಟಿಗೂ ಒಂದೊಂದು ದೂರು. ಉದ್ಧರಣ ಚಿಹ್ನೆಯ ಒಳಗೆ, ಕಾಮೆಂಟಿನ ಒಳಗೆ ಕನ್ನಡ ಬರೆದರೆ ಅದು ಆಗಲೂ ತಕರಾರು ಮಾಡುತ್ತಿರಲಿಲ್ಲ. ಹೆಸರಾಗಿ ಬರೆದರೆ ಮಾತ್ರ ಒಪ್ಪುತ್ತಿರಲಿಲ್ಲ. ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆಯನ್ನು ಬ್ಯಾಕ್‌ಸ್ಲ್ಯಾಶ್ ಹಾಕಿ ಬರೆದರೆ ಒಪ್ಪುತ್ತಿತ್ತು. ಹಾಗೆ ಬರೆದ ಪ್ರೋಗ್ರಾಮನ್ನು ಯಾವ ಮನುಷ್ಯ ಓದಿಯಾನು?

ಜಿಸಿಸಿ ಆವೃತ್ತಿ 10ರಲ್ಲಿ ಇದು ಸರಿಹೋಯಿತು. ಕನ್ನಡ ಅಕ್ಷರಗಳನ್ನು ನೇರವಾಗಿ ಹೆಸರಾಗಿ ಬರೆಯಬಹುದು ಎಂದಾಯಿತು. ಅದು ಹೊರಬಂದದ್ದು 2020ರ ಮೇ ತಿಂಗಳ ಮೊದಲ ವಾರ. ಉಬುಂಟು 20.04 ಬಂದದ್ದು ಅದೇ ವರ್ಷದ ಏಪ್ರಿಲ್ ಕೊನೆ. ಎರಡು ವಾರ ಹೆಚ್ಚುಕಡಿಮೆಯಾಗಿ ತಪ್ಪಿಹೋಯಿತು. ಎರಡೇ ವಾರವಾದರೂ ಅದರ ಪರಿಣಾಮ ಐದು ವರ್ಷ ಉಳಿಯಿತು. ದೀರ್ಘಾವಧಿಯ ಉಬುಂಟು ಆವೃತ್ತಿ ತನ್ನ ಮುಖ್ಯ ಕಂಪೈಲರನ್ನು ನಡುವೆ ಬದಲಾಯಿಸುವುದಿಲ್ಲ. ಅದರ ಸಾವಿರಾರು ಪ್ಯಾಕೇಜುಗಳು ಆ ಒಂದು ಕಂಪೈಲರನ್ನು ನಂಬಿ ನಿಂತಿರುತ್ತವೆ.

ಈಗ ಅವಳು ಏನು ಮಾಡಬೇಕು? ಹೊಸ ಕಂಪೈಲರ್ ಬೇಕು. ಸರಿ. ಹಾಗಾದರೆ ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕೋಣ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದನ್ನು ಮಾಡಬೇಡಿ. ಇವತ್ತು ನಾನು ಹೇಳಬೇಕಾದ ಮಾತು ಇದೊಂದೇ. ಹಳೆಯದು ಇದ್ದಲ್ಲೇ ಇರಲಿ. ಹೊಸದನ್ನು ಅದರ ಪಕ್ಕಕ್ಕೆ ತನ್ನಿ. ಯಾವುದು ಬೇಕೋ ಅದನ್ನು ಹೆಸರು ಹಿಡಿದು ಕರೆಯಿರಿ.

ಇಲ್ಲಿಯವರೆಗೆ ಹೇಳಿದ್ದು ಹೊಸ ಕಂಪೈಲರ್ ಏಕೆ ಬೇಕಾಗುತ್ತದೆ ಎಂಬುದು. ಇನ್ನು ಹಳೆಯದನ್ನು ಏಕೆ ಕೀಳಬಾರದು ಎಂಬುದನ್ನು ನೋಡೋಣ.

ಉಬುಂಟುವಿನಲ್ಲಿ ‘ಜಿಸಿಸಿ’ ಎಂಬ ಪ್ಯಾಕೇಜ್ ಒಂದಿದೆ. ಅದರೊಳಗೆ ಕಂಪೈಲರ್ ಇಲ್ಲ. ಅದು ಬರಿಯ ಹೆಸರನ್ನು ಕೊಡುತ್ತದೆ. ನಿಜವಾದ ಕಂಪೈಲರ್ ಇರುವುದು ‘ಜಿಸಿಸಿ-9’ ಎಂಬ ಪ್ಯಾಕೇಜಿನಲ್ಲಿ. ನೀವು ಟರ್ಮಿನಲ್‌ನಲ್ಲಿ ಜಿಸಿಸಿ ಎಂದು ಬರೆದಾಗ ಯಂತ್ರ ‘ಯುಎಸ್‌ಆರ್’ ಫೋಲ್ಡರಿನ ‘ಬಿನ್’ ಒಳಗೆ ಹೋಗುತ್ತದೆ. ಅಲ್ಲಿ ಜಿಸಿಸಿ ಎಂಬ ಹೆಸರು ಸಿಗುತ್ತದೆ. ಆ ಹೆಸರು ಜಿಸಿಸಿ-9 ಎಂಬ ಫೈಲಿನತ್ತ ಬೆರಳು ತೋರಿಸುತ್ತದೆ. ಲಿನಕ್ಸ್ ಬಲ್ಲವರು ಇದನ್ನು ಸಿಂಬಾಲಿಕ್ ಲಿಂಕ್ ಎನ್ನುತ್ತಾರೆ. ನಾವು ಕೊಂಡಿ ಎನ್ನೋಣ.

ಈಗ ಜಿಸಿಸಿ-9 ಪ್ಯಾಕೇಜನ್ನು ಕಿತ್ತರೆ ಏನಾಗುತ್ತದೆ? ಅದನ್ನು ನಂಬಿದ ಜಿಸಿಸಿ ಪ್ಯಾಕೇಜೂ ಹೋಗುತ್ತದೆ. ಸಿ ಪ್ಲಸ್ ಪ್ಲಸ್‌ನ ಕಂಪೈಲರ್ ಹೋಗುತ್ತದೆ. ‘ಬಿಲ್ಡ್ ಎಸೆನ್ಷಿಯಲ್’ ಎಂಬ ಮೂಲ ಕಟ್ಟು ಹೋಗುತ್ತದೆ. ಜಿಸಿಸಿ ಎಂಬ ಹೆಸರೇ ಯಂತ್ರದಿಂದ ಮಾಯವಾಗುತ್ತದೆ. ಹೀಗೆ ಮಾಡುವ ಮೊದಲು ಯಂತ್ರ ಸುಮ್ಮನಿರುವುದಿಲ್ಲ. ‘ಈ ಪ್ಯಾಕೇಜುಗಳನ್ನು ತೆಗೆಯಲಾಗುವುದು’ ಎಂದು ಇಂಗ್ಲಿಷಿನಲ್ಲಿ ಪಟ್ಟಿ ತೋರಿಸುತ್ತದೆ. ಮುಂದುವರಿಯಲೇ ಎಂದು ಕೇಳುತ್ತದೆ. ವಿದ್ಯಾರ್ಥಿಗಳೇ, ಆ ಪಟ್ಟಿಯನ್ನು ಓದದೆ ‘ವೈ’ ಒತ್ತಬೇಡಿ. ಪಟ್ಟಿ ಉದ್ದವಾಗಿದ್ದರೆ ‘ಎನ್’ ಒತ್ತಿ ಹೊರಗೆ ಬನ್ನಿ. ಅದರಿಂದ ಏನೂ ನಷ್ಟವಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಂಪೈಲರಿನ ಜೊತೆಗೆ ‘ಲಿಬ್‌ಸ್ಟಡ್‌ಸಿ ಪ್ಲಸ್ ಪ್ಲಸ್’ ಎಂಬ ಲೈಬ್ರರಿ ಇರುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಹೆಚ್ಚಿನ ಪ್ರೋಗ್ರಾಮುಗಳು ನಡೆಯುವಾಗ ಅದನ್ನು ಹುಡುಕುತ್ತವೆ. ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು ತರುವ ‘ಏಪಿಟಿ’ ಕೂಡ ಸಿ ಪ್ಲಸ್ ಪ್ಲಸ್‌ನಲ್ಲೇ ಬರೆದದ್ದು. ಹಳೆಯ ಕಂಪೈಲರಿನ ಗುರುತೇ ಇರಬಾರದೆಂದು ಹಟ ಹಿಡಿದು ಆ ಲೈಬ್ರರಿಯನ್ನು ಅಳಿಸಿದಿರಿ ಎನ್ನಿ. ಏಪಿಟಿ ನಿಂತುಹೋಗುತ್ತದೆ. ಲೈಬ್ರರಿಯನ್ನು ವಾಪಸು ತರಬೇಕಾದ ಸಾಧನವೇ ಆ ಲೈಬ್ರರಿ ಇಲ್ಲದೆ ಏಳಲಾರದು. ಆಮೇಲೆ ಬೇರೆ ಯಂತ್ರದ ಸಹಾಯ ಬೇಕು, ಇಲ್ಲವೇ ಎಲ್ಲವನ್ನೂ ಹೊಸದಾಗಿ ಹಾಕಬೇಕು.

ಕರ್ನಲ್ ವಿಷಯವೂ ಇದೆ. ಲಿನಕ್ಸಿನ ತಿರುಳಾದ ಕರ್ನಲ್ ಯಾವುದೋ ಒಂದು ಕಂಪೈಲರಿನಿಂದ ಸಿದ್ಧವಾಗಿ ಬಂದಿರುತ್ತದೆ. ಅದಕ್ಕೆ ಸೇರಿಸುವ ಡ್ರೈವರುಗಳನ್ನು ಅದೇ ಕಂಪೈಲರಿನಿಂದ ಕಟ್ಟುವುದು ಸುರಕ್ಷಿತ. ವೈಫೈ ಕಾರ್ಡಿನದೋ ಗ್ರಾಫಿಕ್ಸ್ ಕಾರ್ಡಿನದೋ ಡ್ರೈವರನ್ನು ಕರ್ನಲ್ ಬದಲಾದಾಗಲೆಲ್ಲ ನಿಮ್ಮ ಯಂತ್ರ ತಾನೇ ಮರಳಿ ಕಟ್ಟಿಕೊಳ್ಳುತ್ತಿರಬಹುದು. ಆ ಕೆಲಸ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದಕ್ಕೆ ಹಳೆಯ ಕಂಪೈಲರ್ ಬೇಕು. ನಿಮ್ಮ ಕರ್ನಲ್ ಯಾವುದರಿಂದ ಸಿದ್ಧವಾಯಿತು ಎಂದು ತಿಳಿಯಬೇಕೇ? ‘ಪ್ರಾಕ್’ ಫೋಲ್ಡರಿನಲ್ಲಿ ‘ವರ್ಷನ್’ ಎಂಬ ಫೈಲಿದೆ. ಅದನ್ನು ತೆರೆದು ಓದಿ. ಕಂಪೈಲರಿನ ಹೆಸರು, ಆವೃತ್ತಿ ಎರಡೂ ಅಲ್ಲಿ ಇರುತ್ತವೆ.

ಹಳೆಯದು ಏಕೆ ಉಳಿಯಬೇಕು ಎಂದು ತಿಳಿಯಿತಲ್ಲ? ಅದರ ಮೇಲೆ ಯಂತ್ರದ ಉಳಿದ ಭಾಗ ನಿಂತಿದೆ. ಇನ್ನು ಹೊಸದನ್ನು ಪಕ್ಕಕ್ಕೆ ತರುವ ಕೆಲಸ. ಇದು ಅತ್ಯಂತ ಸುಲಭ. ಬರೆದುಕೊಳ್ಳಿ.

ಮೊದಲು ‘ಸುಡೊ ಏಪಿಟಿ ಅಪ್‌ಡೇಟ್’. ಇದರಿಂದ ಪ್ಯಾಕೇಜುಗಳ ಪಟ್ಟಿ ಹೊಸದಾಗುತ್ತದೆ. ಆಮೇಲೆ ‘ಸುಡೊ ಏಪಿಟಿ ಇನ್‌ಸ್ಟಾಲ್’ ಎಂದು ಬರೆದು, ಜಾಗ ಬಿಟ್ಟು, ಜಿಸಿಸಿ ಅಡ್ಡಗೆರೆ 10. ಮತ್ತೆ ಜಾಗ ಬಿಟ್ಟು, ಜಿ ಪ್ಲಸ್ ಪ್ಲಸ್ ಅಡ್ಡಗೆರೆ 10. ಎಂಟರ್ ಒತ್ತಿ. ಮುಗಿಯಿತು. ಉಬುಂಟು 20.04ರ ಸ್ವಂತ ಪ್ಯಾಕೇಜ್ ಭಂಡಾರದಲ್ಲೇ ಆವೃತ್ತಿ 10 ಇದೆ. ಹೊರಗಿನ ಯಾವ ಭಂಡಾರವನ್ನೂ ಸೇರಿಸಬೇಕಿಲ್ಲ. ಅದು ಮುಖ್ಯ ಕಂಪೈಲರ್ ಆಗಿಲ್ಲ, ಅಷ್ಟೆ.

ಇಲ್ಲಿ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಇನ್‌ಸ್ಟಾಲ್ ಆಯಿತು ಎಂದು ಖುಷಿಯಿಂದ ‘ಜಿಸಿಸಿ’ ಎಂದು ಬರೆದು, ಮುಂದೆ ಎರಡು ಅಡ್ಡಗೆರೆ ಹಾಕಿ ‘ವರ್ಷನ್’ ಎಂದು ಕೇಳುತ್ತಾರೆ. ಉತ್ತರ 9 ಎಂದೇ ಬರುತ್ತದೆ. ಕೆಲಸ ಕೆಟ್ಟಿತು ಎಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಆಗಲೂ 9. ಕೆಲಸ ಕೆಟ್ಟಿಲ್ಲ. ಹೊಸದು ಬಂದು ಕುಳಿತಿದೆ. ಜಿಸಿಸಿ ಎಂಬ ಹೆಸರು ಮಾತ್ರ ಹಳೆಯದರತ್ತಲೇ ಬೆರಳು ತೋರಿಸುತ್ತಿದೆ. ಹೊಸದನ್ನು ಅದರ ಪೂರ್ತಿ ಹೆಸರಿನಿಂದ ಕರೆಯಬೇಕು. ಜಿಸಿಸಿ ಅಡ್ಡಗೆರೆ 10 ಎಂದು ಬರೆದು ಕೇಳಿ. ಆಗ ಉತ್ತರ 10. ನಮ್ಮ ಹುಡುಗಿ ತನ್ನ ಪ್ರೋಗ್ರಾಮನ್ನು ಆ ಹೆಸರಿಗೆ ಕೊಟ್ಟರೆ ‘ಮೊತ್ತ’ ಯಾವ ತಕರಾರೂ ಇಲ್ಲದೆ ಒಳಗೆ ಹೋಗುತ್ತದೆ.

ಒಂದು ಮಾತು ಹೇಳುತ್ತೇನೆ. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟು ಸಾಕು. ಹೊಸದನ್ನು ಪೂರ್ತಿ ಹೆಸರಿನಿಂದ ಕರೆಯುವುದಕ್ಕಿಂತ ಸುರಕ್ಷಿತ ದಾರಿ ಬೇರೊಂದಿಲ್ಲ. ಯಂತ್ರದಲ್ಲಿ ಏನೂ ಕದಲುವುದಿಲ್ಲ. ‘ಮೇಕ್’ ಬಳಸುವವರು ಅದೇ ಸಾಲಿನಲ್ಲಿ ‘ಸಿಸಿ ಸಮ ಜಿಸಿಸಿ-10’ ಎಂದು ಸೇರಿಸಿದರೆ ಸಾಮಾನ್ಯವಾಗಿ ಸಾಕು. ಸಿ ಪ್ಲಸ್ ಪ್ಲಸ್ ಆದರೆ ‘ಸಿಎಕ್ಸ್‌ಎಕ್ಸ್ ಸಮ ಜಿ ಪ್ಲಸ್ ಪ್ಲಸ್-10’. ‘ಸಿಮೇಕ್’ ಬಳಸುವವರು ಇನ್ನೊಂದು ವಿಷಯ ನೆನಪಿಡಬೇಕು. ಅದು ಮೊದಲ ಸಲ ಯಾವ ಕಂಪೈಲರನ್ನು ಕಂಡಿತೋ ಅದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಏನೇ ಬದಲಾಯಿಸಿದರೂ ಅದನ್ನೇ ಹಿಡಿದು ಕೂರುತ್ತದೆ. ಬಿಲ್ಡ್ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರುಮಾಡಿ.

ಇಲ್ಲಿಗೆ ಹೊಸ ಕಂಪೈಲರ್ ಬಂತು, ಪೂರ್ತಿ ಹೆಸರಿನಿಂದ ಕರೆಯುವುದೂ ತಿಳಿಯಿತು. ಆದರೂ ಕೆಲವರಿಗೆ ಬರಿಯ ಜಿಸಿಸಿ ಎಂದರೆ ಹೊಸದೇ ಬರಬೇಕು. ಅವರ ಬಳಿ ನೂರಾರು ಪ್ರೋಗ್ರಾಮುಗಳಿವೆ. ಎಲ್ಲದರಲ್ಲೂ ಹೆಸರು ತಿದ್ದುವುದು ಕಷ್ಟ. ಅಂಥವರಿಗೆ ಕೊಂಡಿ ಬದಲಿಸುವ ದಾರಿ ಇದೆ.

ಡೆಬಿಯನ್, ಉಬುಂಟು ಎರಡರಲ್ಲೂ ‘ಅಪ್‌ಡೇಟ್ ಆಲ್ಟರ್ನೇಟಿವ್ಸ್’ ಎಂಬ ಸಾಧನ ಇದೆ. ಒಂದೇ ಕೆಲಸ ಮಾಡುವ ಹಲವು ಪ್ರೋಗ್ರಾಮುಗಳಲ್ಲಿ ಒಂದನ್ನು ಆರಿಸಿಕೊಡುವುದು ಅದರ ಕೆಲಸ. ಹೇಗೆ ಮಾಡುತ್ತದೆ ಕೇಳಿ. ಜಿಸಿಸಿ ಎಂಬ ಹೆಸರನ್ನು ನೇರವಾಗಿ ಕಂಪೈಲರಿಗೆ ಕಟ್ಟುವುದಿಲ್ಲ. ‘ಇಟಿಸಿ’ ಫೋಲ್ಡರಿನ ‘ಆಲ್ಟರ್ನೇಟಿವ್ಸ್’ ಒಳಗಿರುವ ಇನ್ನೊಂದು ಕೊಂಡಿಗೆ ಕಟ್ಟುತ್ತದೆ. ಆ ನಡುವಿನ ಕೊಂಡಿ 9ರತ್ತಲೋ 10ರತ್ತಲೋ ತೋರಿಸುತ್ತದೆ. ಬದಲಾಗುವುದು ನಡುವಿನ ಕೊಂಡಿ ಮಾತ್ರ.

ಕಮಾಂಡಿನಲ್ಲಿ ನಾಲ್ಕು ಸಂಗತಿ ಕೊಡಬೇಕು. ಎಲ್ಲರೂ ಬಳಸುವ ಹೆಸರಿನ ಜಾಗ ಒಂದು. ಗುಂಪಿನ ಹೆಸರು ಎರಡು. ನಿಜವಾದ ಕಂಪೈಲರಿನ ಜಾಗ ಮೂರು. ಆದ್ಯತೆಯ ಅಂಕಿ ನಾಲ್ಕು. 9ಕ್ಕೆ 90, 10ಕ್ಕೆ 100 ಎಂದು ಕೊಡಿ. ಎರಡನ್ನೂ ನೋಂದಾಯಿಸಿ. ನೀವು ಕೈಯಾರೆ ಆರಿಸದಿದ್ದರೆ ದೊಡ್ಡ ಅಂಕಿಯದು ಗೆಲ್ಲುತ್ತದೆ. ‘ಕಾನ್ಫಿಗ್’ ಎಂದು ಕೇಳಿದರೆ ಪರದೆಯ ಮೇಲೆ ಒಂದು ಸಣ್ಣ ಪಟ್ಟಿ ಬರುತ್ತದೆ. ಸಾಲಿಗೊಂದು ಕಂಪೈಲರ್. ಈಗ ಚಾಲ್ತಿಯಲ್ಲಿರುವುದರ ಎಡಗಡೆ ನಕ್ಷತ್ರದ ಗುರುತು. ಬೇಕಾದ ಸಾಲಿನ ಸಂಖ್ಯೆ ಒತ್ತಿದರೆ ಆಯಿತು.

ಇದರಲ್ಲಿ ಮರೆಯಬಾರದ ಒಂದು ಅಂಶ ಇದೆ. ಸಿ ಕಂಪೈಲರ್ ಜಿಸಿಸಿ, ಸಿ ಪ್ಲಸ್ ಪ್ಲಸ್ ಕಂಪೈಲರ್ ಜಿ ಪ್ಲಸ್ ಪ್ಲಸ್. ಎರಡೂ ಒಟ್ಟಿಗೇ ಹೊರಳಬೇಕು. ಜಿಸಿಸಿ 10ಕ್ಕೆ ಹೋಗಿ ಜಿ ಪ್ಲಸ್ ಪ್ಲಸ್ 9ರಲ್ಲೇ ಉಳಿದರೆ ಮುಂದೆ ಬರುವ ಎರರ್‌ಗಳ ಮೂಲ ಹುಡುಕುವುದು ಕಷ್ಟ. ಅದಕ್ಕಾಗಿ ಇದೇ ಕಮಾಂಡಿನ ತುದಿಯಲ್ಲಿ ‘ಸ್ಲೇವ್’ ಎಂಬ ಆಯ್ಕೆ ಇದೆ. ಅದರಲ್ಲಿ ಜಿ ಪ್ಲಸ್ ಪ್ಲಸ್ ಅನ್ನು ಸೇರಿಸಿಬಿಡಿ. ಒಂದು ಹೊರಳಿದರೆ ಇನ್ನೊಂದೂ ಹೊರಳುತ್ತದೆ.

ಇಷ್ಟೆಲ್ಲ ಹೇಳಿದರೂ, ಹಲವರು ಬಳಸುವ ಯಂತ್ರದಲ್ಲಿ ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಲ್ಯಾಬ್ ತೆಗೆದುಕೊಳ್ಳಿ. ಒಬ್ಬರು ಕೊಂಡಿ ಬದಲಿಸಿದರೆ ಮುಂದಿನ ತರಗತಿಯವರಿಗೂ ಅದು ಬದಲಾಗುತ್ತದೆ. ಪರೀಕ್ಷೆಯ ದಿನ ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಮ್ ಒಂದು ಯಂತ್ರದಲ್ಲಿ ನಡೆದು ಪಕ್ಕದ್ದರಲ್ಲಿ ನಡೆಯದೆ ಹೋಗಬಹುದು. ಇನ್ನೂ ಒಂದು ಕಾರಣ ಇದೆ. ಡೆಬಿಯನ್ ಆಗಲಿ ಉಬುಂಟು ಆಗಲಿ ಜಿಸಿಸಿ ಹೆಸರನ್ನು ತಾವಾಗಿ ಈ ಸಾಧನಕ್ಕೆ ಒಪ್ಪಿಸಿಲ್ಲ. ಆ ಕೊಂಡಿ ಜಿಸಿಸಿ ಪ್ಯಾಕೇಜಿನ ಸ್ವತ್ತು. ಆ ಪ್ಯಾಕೇಜ್ ಮತ್ತೆ ಹೊಸದಾದಾಗ ನಿಮ್ಮ ಕೊಂಡಿಯ ಮೇಲೆ ತನ್ನದನ್ನು ಬರೆದುಬಿಡಬಹುದು.

ನನ್ನ ಸಲಹೆ ಇದು. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಬಿನ್’ ಎಂಬ ಫೋಲ್ಡರ್ ಮಾಡಿಕೊಳ್ಳಿ. ಅದರೊಳಗೆ ಜಿಸಿಸಿ ಎಂಬ ಕೊಂಡಿಯನ್ನು ನೀವೇ ಇಟ್ಟುಕೊಂಡು ಜಿಸಿಸಿ-10ರತ್ತ ತೋರಿಸಿ. ಜಿ ಪ್ಲಸ್ ಪ್ಲಸ್‌ಗೂ ಹಾಗೆಯೇ ಮಾಡಿ. ಉಬುಂಟು ಮುಂದಿನ ಲಾಗಿನ್‌ನಲ್ಲಿ ಆ ಫೋಲ್ಡರನ್ನು ತಾನೇ ಗುರುತಿಸಿ, ಕಮಾಂಡುಗಳನ್ನು ಮೊದಲು ಅಲ್ಲೇ ಹುಡುಕುತ್ತದೆ. ನಿಮಗೆ ಹೊಸದು ಸಿಗುತ್ತದೆ. ಯಂತ್ರಕ್ಕೆ, ಬೇರೆಯವರಿಗೆ ಹಳೆಯದೇ ಉಳಿಯುತ್ತದೆ. ಸುಡೊ ಅನುಮತಿಯೂ ಬೇಡ. ಕೊಂಡಿ ಹಾಕಿದ ಮೇಲೂ ಹಳೆಯದೇ ಬರುತ್ತಿದ್ದರೆ ಗಾಬರಿ ಬೇಡ. ಟರ್ಮಿನಲ್ ಒಮ್ಮೆ ಕಂಡ ಜಾಗವನ್ನು ನೆನಪಿಟ್ಟುಕೊಂಡಿರುತ್ತದೆ. ‘ಹ್ಯಾಶ್’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಆರ್ ಎಂದು ಕೊಟ್ಟರೆ ಆ ನೆನಪು ಅಳಿಯುತ್ತದೆ.

ಕೇಳುಗರೇ, ಇಲ್ಲಿಯವರೆಗಿನ ಮಾತೆಲ್ಲ ಉಬುಂಟುವಿನದು. ಹಳೆಯದನ್ನು ಉಳಿಸಿ ಹೊಸದನ್ನು ಪಕ್ಕದಲ್ಲಿ ಇಡುವ ಕ್ರಮ ಬೇರೆ ಕಡೆಯೂ ಇದೆ. ರೆಡ್ ಹ್ಯಾಟ್ ಬಳಗದಲ್ಲಿ ಅದನ್ನು ಬಹಳ ಅಚ್ಚುಕಟ್ಟಾಗಿ ಮಾಡಿದ್ದಾರೆ.

ಆ ಬಳಗದ ಸೆಂಟ್ ಓಎಸ್ 7 ಎಂಬ ಲಿನಕ್ಸ್ 2014ರಲ್ಲಿ ಬಂತು. ಅದರ ಬೆಂಬಲ ನಿಂತದ್ದು 2024ರ ಜೂನ್ ಕೊನೆಯಲ್ಲಿ. ಸುಮಾರು ಹತ್ತು ವರ್ಷ. ಆ ಹತ್ತು ವರ್ಷವೂ ಅದರ ಮುಖ್ಯ ಕಂಪೈಲರ್ ಜಿಸಿಸಿ 4.8 ಬಳಗದ್ದೇ. 2013ರ ಕಂಪೈಲರ್ ಅದು. ಸಿ ಪ್ಲಸ್ ಪ್ಲಸ್‌ನ 2014ರ ನಿಯಮಗಳನ್ನೂ ಪೂರ್ತಿ ತಿಳಿಯದು. ಹೊಸ ಪ್ರೋಗ್ರಾಮ್ ಬರೆಯುವವರು ಏನು ಮಾಡಬೇಕು? ಅವರಿಗಾಗಿ ‘ಡೆವ್‌ಟೂಲ್‌ಸೆಟ್’ ಎಂಬ ಕಟ್ಟು ಕೊಟ್ಟರು. ಹೊಸ ಕಂಪೈಲರ್ ಹೋಗಿ ಕೂರುವುದು ‘ಆಪ್ಟ್’ ಫೋಲ್ಡರಿನಲ್ಲಿ. ಹಳೆಯದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಎಸ್‌ಸಿಎಲ್ ಎನೇಬಲ್’ ಎಂದು ಕರೆದರೆ ಹೊಸ ಟರ್ಮಿನಲ್ ಅವಧಿಯೊಂದು ಶುರುವಾಗುತ್ತದೆ. ಅದರೊಳಗೆ ಇರುವಷ್ಟು ಹೊತ್ತು ಹೊಸ ಕಂಪೈಲರ್. ‘ಎಕ್ಸಿಟ್’ ಎಂದರೆ ಹಳೆಯದು. ಮುಂದಿನ ಆವೃತ್ತಿಗಳಲ್ಲಿ ಇದಕ್ಕೆ ‘ಜಿಸಿಸಿ ಟೂಲ್‌ಸೆಟ್’ ಎಂದು ಹೆಸರಾಯಿತು.

ಇದರಲ್ಲಿ ನಾನು ಹೆಚ್ಚು ಮೆಚ್ಚುವುದು ಒಳಗಿನ ಒಂದು ಉಪಾಯವನ್ನು. ಅದನ್ನು ಹೇಳಲು ಲೈಬ್ರರಿಯ ಕಡೆ ಮತ್ತೊಮ್ಮೆ ಹೋಗಬೇಕು.

ನೆನಪಿದೆಯಲ್ಲ, ಸಿ ಪ್ಲಸ್ ಪ್ಲಸ್ ಪ್ರೋಗ್ರಾಮುಗಳು ನಡೆಯುವಾಗ ಒಂದು ಲೈಬ್ರರಿಯನ್ನು ಹುಡುಕುತ್ತವೆ ಎಂದೆ. ಅದರ ಫೈಲಿನ ಹೆಸರಿನ ಕೊನೆಯಲ್ಲಿ 6 ಎಂಬ ಅಂಕಿ ಇದೆ. ಆ 6 ಸುಮಾರು 2004ರಿಂದ ಬದಲಾಗಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಳೆಯ ಪ್ರೋಗ್ರಾಮುಗಳನ್ನು ಕೈಬಿಡದೆ ಅದೇ ಲೈಬ್ರರಿ ಬೆಳೆಯುತ್ತ ಬಂದಿದೆ. ಹಳೆಯ ಪ್ರೋಗ್ರಾಮನ್ನು ಹೊಸ ಲೈಬ್ರರಿ ನಡೆಸುತ್ತದೆ. ಉಬುಂಟು 20.04ನ್ನೇ ನೋಡಿ. ಮುಖ್ಯ ಕಂಪೈಲರ್ 9 ಆದರೂ ಅದರಲ್ಲಿರುವ ಈ ಲೈಬ್ರರಿ ಆವೃತ್ತಿ 10ರದ್ದು.

ಆದರೆ ಇದು ಹಿಂದುಮುಂದಾದರೆ ನಡೆಯುವುದಿಲ್ಲ. ಹೊಸ ಕಂಪೈಲರಿನಿಂದ ಸಿದ್ಧವಾದ ಪ್ರೋಗ್ರಾಮ್ ಹೊಸ ಲೈಬ್ರರಿಯನ್ನೇ ಕೇಳಬಹುದು. ನಿಮ್ಮ ಯಂತ್ರದಲ್ಲಿ ಕಟ್ಟಿದ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಹಳೆಯ ಯಂತ್ರಕ್ಕೆ ಒಯ್ದಾಗ ಇದು ಕಾಣುತ್ತದೆ. ‘ಜಿಲಿಬ್‌ಸಿಎಕ್ಸ್‌ಎಕ್ಸ್’ ಎಂದು ಶುರುವಾಗಿ, ಒಂದಷ್ಟು ಅಂಕಿ ಹೇಳಿ, ‘ನಾಟ್ ಫೌಂಡ್’ ಎಂದು ಮುಗಿಯುವ ಸಾಲು ಬರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಆ ಯಂತ್ರದ ಲೈಬ್ರರಿ ಹಳೆಯದು. ಆಗ ಹೊಸ ಲೈಬ್ರರಿ ಫೈಲನ್ನು ತಂದು ಹಳೆಯದರ ಮೇಲೆ ಇಡಲು ಹೋಗಬೇಡಿ. ಪ್ರೋಗ್ರಾಮನ್ನು ಕಟ್ಟುವಾಗಲೇ ‘ಸ್ಟ್ಯಾಟಿಕ್ ಲಿಬ್‌ಸ್ಟಡ್‌ಸಿ ಪ್ಲಸ್ ಪ್ಲಸ್’ ಎಂಬ ಆಯ್ಕೆ ಕೊಟ್ಟರೆ ಲೈಬ್ರರಿಯ ಬೇಕಾದ ಭಾಗ ಪ್ರೋಗ್ರಾಮಿನೊಳಗೇ ಸೇರಿಕೊಳ್ಳುತ್ತದೆ. ಫೈಲು ಸ್ವಲ್ಪ ದೊಡ್ಡದಾಗುತ್ತದೆ.

ರೆಡ್ ಹ್ಯಾಟ್‌ನವರ ಉಪಾಯ ಇನ್ನೂ ಸೂಕ್ಷ್ಮವಾದದ್ದು. ಯಂತ್ರದ ಹಳೆಯ ಲೈಬ್ರರಿಯಲ್ಲಿ ಏನಿದೆಯೋ ಅದನ್ನು ಅಲ್ಲಿಂದಲೇ ಬಳಸುತ್ತಾರೆ. ಅದರಲ್ಲಿ ಇಲ್ಲದ ಹೊಸ ಭಾಗವನ್ನು ಮಾತ್ರ ಪ್ರೋಗ್ರಾಮಿನೊಳಗೆ ಸೇರಿಸುತ್ತಾರೆ. ಹಾಗಾಗಿ ಹೊಸ ಕಂಪೈಲರಿನಿಂದ ಕಟ್ಟಿದ್ದು ಹೊಸ ಕಂಪೈಲರ್ ಇಲ್ಲದ ಅದೇ ಬಳಗದ ಇನ್ನೊಂದು ಯಂತ್ರದಲ್ಲೂ ನಡೆಯುತ್ತದೆ. ಹಳೆಯದನ್ನು ಗೌರವಿಸಿ ಹೊಸದನ್ನು ತರುವ ಕೆಲಸವೆಂದರೆ ಇದು. ಇದರ ಹಿಂದೆ ಬಹಳ ತಾಳ್ಮೆಯ ಯೋಚನೆ ಇದೆ.

ಪ್ಯಾಕೇಜಿನ ದಾರಿ ಇಷ್ಟು. ನಿಮಗೆ ಬೇಕಾದ ಆವೃತ್ತಿ ಯಾವ ಭಂಡಾರದಲ್ಲೂ ಇಲ್ಲದಿದ್ದರೆ? ಆಗ ಮೂಲದಿಂದ ಕಟ್ಟಬೇಕು. ಜಿಸಿಸಿಯ ಮೂಲ ಎಲ್ಲರಿಗೂ ತೆರೆದಿದೆ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಮೊದಲ ಬಿಡುಗಡೆ ಮಾಡಿದ ದಿನದಿಂದ ತೆರೆದೇ ಇದೆ. ಇದು ಸಣ್ಣ ಮಾತಲ್ಲ.

ಕಂಪೈಲರನ್ನು ಕಟ್ಟಲು ಕಂಪೈಲರ್ ಬೇಕು. ಮೊಸರಾಗಬೇಕಾದರೆ ಹಾಲಿಗೆ ಮೊಸರಿನದೇ ಹೆಪ್ಪು ಹಾಕಬೇಕಲ್ಲ, ಹಾಗೆ. ಆ ಹೆಪ್ಪು ನಿಮ್ಮ ಹಳೆಯ ಕಂಪೈಲರ್. ಜಿಸಿಸಿ 4.8ರಿಂದ ಈಚೆಗೆ ಅದನ್ನು ಕಟ್ಟಲು ಸಿ ಕಂಪೈಲರ್ ಇದ್ದರೆ ಸಾಲದು, ಸಿ ಪ್ಲಸ್ ಪ್ಲಸ್ ಕಂಪೈಲರೂ ಬೇಕು. ಹಳೆಯದನ್ನು ಕಿತ್ತವರಿಗೆ ಈ ದಾರಿಯೂ ಮುಚ್ಚುತ್ತದೆ.

ಕೆಲಸ ನಡೆಯುವ ಬಗೆ ಸೊಗಸಾಗಿದೆ. ಹಳೆಯ ಕಂಪೈಲರ್ ಹೊಸದರ ಮೊದಲ ಪ್ರತಿಯನ್ನು ಕಟ್ಟುತ್ತದೆ. ಆ ಮೊದಲ ಪ್ರತಿ ಅದೇ ಮೂಲದಿಂದ ಎರಡನೆಯ ಪ್ರತಿಯನ್ನು ಕಟ್ಟುತ್ತದೆ. ಎರಡನೆಯದು ಮೂರನೆಯದನ್ನು ಕಟ್ಟುತ್ತದೆ. ಕೊನೆಗೆ ಎರಡನೆಯದನ್ನೂ ಮೂರನೆಯದನ್ನೂ ಬೈಟಿಗೆ ಬೈಟು ಹೋಲಿಸಿ ನೋಡುತ್ತದೆ. ಎರಡೂ ಒಂದೇ ಇರಬೇಕು. ಬೇರೆಯಾದರೆ ಎಲ್ಲೋ ದೋಷ ಇದೆ ಎಂದು ಅಲ್ಲೇ ನಿಲ್ಲುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು.

ನೀವು ನೆನಪಿಡಬೇಕಾದದ್ದು ಕೆಲವೇ ಸಂಗತಿ. ಮೂಲದ ಜೊತೆಗೇ ಬರುವ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಎಂಬ ಸ್ಕ್ರಿಪ್ಟ್ ಅದಕ್ಕೆ ಬೇಕಾದ ಗಣಿತದ ಲೈಬ್ರರಿಗಳನ್ನು ತರುತ್ತದೆ. ಕಟ್ಟುವ ಕೆಲಸವನ್ನು ಮೂಲದ ಫೋಲ್ಡರಿನ ಒಳಗೆ ಮಾಡದೆ ಬೇರೆ ಫೋಲ್ಡರಿನಲ್ಲಿ ಮಾಡಿ. ‘ಪ್ರಿಫಿಕ್ಸ್’ ಎಂಬಲ್ಲಿ ‘ಆಪ್ಟ್’ ಒಳಗಿನ ಒಂದು ಸ್ವಂತ ಜಾಗ ಕೊಡಿ. ‘ಯುಎಸ್‌ಆರ್’ ಎಂದು ಮಾತ್ರ ಎಂದೂ ಕೊಡಬೇಡಿ. ಅಲ್ಲಿರುವ ಫೈಲುಗಳು ಏಪಿಟಿಯ ಲೆಕ್ಕದಲ್ಲಿವೆ. ಬೇಡವಾದ ದಿನ ಆಪ್ಟ್ ಒಳಗಿನ ಆ ಒಂದು ಫೋಲ್ಡರನ್ನು ಅಳಿಸಿದರೆ ಎಲ್ಲ ಸ್ವಚ್ಛ. ಹೀಗೆ ಕಟ್ಟಿದ ಕಂಪೈಲರಿನ ಲೈಬ್ರರಿಯೂ ಅದೇ ಫೋಲ್ಡರಿನಲ್ಲಿ ಇರುತ್ತದೆ. ನಿಮ್ಮ ಪ್ರೋಗ್ರಾಮ್ ಯಾವ ಲೈಬ್ರರಿಯನ್ನು ಹಿಡಿದಿದೆ ಎಂದು ‘ಎಲ್‌ಡಿಡಿ’ ಕಮಾಂಡ್ ತೋರಿಸುತ್ತದೆ. ಒಮ್ಮೆ ನೋಡಿಕೊಳ್ಳಿ.

ಹೊಸ ಕಂಪೈಲರ್ ತರುವ ಮೂರು ಬಗೆ ಕೇಳಿದಿರಿ. ಭಂಡಾರದ ಪ್ಯಾಕೇಜ್, ರೆಡ್ ಹ್ಯಾಟ್‌ನ ಟೂಲ್‌ಸೆಟ್, ಮೂಲದಿಂದ ಕಟ್ಟುವುದು. ಮೂರರಲ್ಲೂ ಹಳೆಯದು ಉಳಿಯಿತು. ಹಳೆಯದು ಉಳಿದಿರಬೇಕಾದ ಇನ್ನೊಂದು ಕಾರಣ ನಿಮ್ಮ ಪ್ರೋಗ್ರಾಮುಗಳಲ್ಲೇ ಇದೆ. ನಿನ್ನೆಯವರೆಗೆ ನಡೆದ ಪ್ರೋಗ್ರಾಮ್ ಹೊಸ ಕಂಪೈಲರಿನಲ್ಲಿ ನಿಂತುಬಿಡಬಹುದು.

2015ರ ಆವೃತ್ತಿ 5ರಿಂದ ಜಿಸಿಸಿ ವರ್ಷಕ್ಕೊಂದು ದೊಡ್ಡ ಆವೃತ್ತಿ ತರುತ್ತಿದೆ. ಪ್ರತಿ ಸಲವೂ ಸ್ವಲ್ಪ ಬಿಗಿಯಾಗುತ್ತದೆ. ಕನ್ನಡ ಹೆಸರುಗಳನ್ನು ಒಪ್ಪಿದ ಅದೇ ಆವೃತ್ತಿ 10 ಇನ್ನೊಂದು ಸಡಿಲಿಕೆಯನ್ನು ಹಿಂದಕ್ಕೆ ಪಡೆಯಿತು. ಹೆಡರ್ ಫೈಲಿನಲ್ಲಿ ‘ಎಕ್ಸ್‌ಟರ್ನ್’ ಎಂದು ಬರೆಯದೆ ಒಂದು ವೇರಿಯಬಲ್ ಇಟ್ಟು, ಆ ಹೆಡರನ್ನು ಎರಡು ಕಡೆ ಸೇರಿಸಿದ್ದೀರಿ ಎನ್ನಿ. 9ರಲ್ಲಿ ಅದು ನಡೆಯುತ್ತಿತ್ತು. 10ರಲ್ಲಿ ‘ಮಲ್ಟಿಪಲ್ ಡೆಫಿನಿಷನ್’ ಎಂಬ ಎರರ್. 2024ರ ಮೇ ತಿಂಗಳಲ್ಲಿ ಬಂದ ಆವೃತ್ತಿ 14 ಇನ್ನೂ ಬಿಗಿ. ಘೋಷಿಸದ ಫಂಕ್ಷನ್ನನ್ನು ಕರೆದರೆ ಮೊದಲು ಎಚ್ಚರಿಕೆ ಮಾತ್ರ ಬರುತ್ತಿತ್ತು. ಈಗ ಎರರ್. ಇದನ್ನು ಸಿ ಭಾಷೆಯ 1999ರ ನಿಯಮದಲ್ಲೇ ಕೈಬಿಟ್ಟಿದ್ದರು. ಜಿಸಿಸಿ ಸುಮಾರು ಇಪ್ಪತ್ತೈದು ವರ್ಷ ತಡೆದುಕೊಂಡಿತ್ತು. 2025ರ ಆವೃತ್ತಿ 15 ಸಿ ಭಾಷೆಯ 2023ರ ನಿಯಮವನ್ನೇ ತನ್ನ ಸಹಜ ನಿಯಮ ಮಾಡಿಕೊಂಡಿದೆ. ‘ಬೂಲ್’ ಎಂದು ನೀವೇ ಹೆಸರಿಟ್ಟುಕೊಂಡ ಹಳೆಯ ಪ್ರೋಗ್ರಾಮುಗಳು ಅಲ್ಲಿ ಎಡವುತ್ತವೆ. ಅದು ಈಗ ಭಾಷೆಯ ಸ್ವಂತ ಪದ.

ನಮ್ಮ ಲ್ಯಾಬುಗಳ ಹಳೆಯ ರೆಕಾರ್ಡ್ ಪುಸ್ತಕಗಳನ್ನು ತೆಗೆದು ನೋಡಿ. ‘ಮೇನ್’ ಎಂಬುದರ ಹಿಂದೆ ‘ಇಂಟ್’ ಇರುವುದಿಲ್ಲ. ಬೇಕಾದ ಹೆಡರ್ ಇರುವುದಿಲ್ಲ. ಹೊಸ ಕಂಪೈಲರಿನಲ್ಲಿ ಅವು ದಾಟುವುದಿಲ್ಲ. ಹೊಸದನ್ನು ಬೈದು ಹಳೆಯದಕ್ಕೆ ಓಡಿಹೋಗುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಈ ಬಿಗಿಗೆ ಕಾರಣ ಇದೆ. ಘೋಷಿಸದ ಫಂಕ್ಷನ್ ಪೂರ್ಣಾಂಕವನ್ನೇ ಹಿಂತಿರುಗಿಸುತ್ತದೆ ಎಂದು ಹಳೆಯ ಕಂಪೈಲರ್ ಊಹಿಸುತ್ತಿತ್ತು. ಅದು ನಿಜವಾಗಿ ವಿಳಾಸವನ್ನು ಹಿಂತಿರುಗಿಸುವ ಫಂಕ್ಷನ್ ಆಗಿದ್ದರೆ, 64 ಬಿಟ್ಟಿನ ಯಂತ್ರದಲ್ಲಿ ವಿಳಾಸದ ಅರ್ಧ ಭಾಗ ಕತ್ತರಿಸಿಹೋಗಬಹುದು. ಪ್ರೋಗ್ರಾಮ್ ಯಾವಾಗಲೋ ಒಮ್ಮೆ, ಎಲ್ಲೋ ದೂರದಲ್ಲಿ ಕುಸಿಯುತ್ತದೆ. ಅಂಥ ದೋಷ ಹುಡುಕುತ್ತ ರಾತ್ರಿಗಳನ್ನು ಕಳೆಯುವುದಕ್ಕಿಂತ ಮೊದಲೇ ಎರರ್ ಬರುವುದು ಒಳ್ಳೆಯದು.

ಹಾಗಾಗಿ ಒಂದೊಂದೇ ಪ್ರೋಗ್ರಾಮನ್ನು ಹೊಸದರಲ್ಲಿ ನಡೆಸಿ ನೋಡಿ. ನಿಂತಲ್ಲಿ ತಿದ್ದಿ. ಇವತ್ತೇ ತಿದ್ದಲು ಬಿಡುವಿಲ್ಲದಿದ್ದರೆ ಆ ಪ್ರೋಗ್ರಾಮನ್ನು ಹಳೆಯ ಕಂಪೈಲರಿಗೆ ಕೊಡಿ. ಅದು ಪಕ್ಕದಲ್ಲೇ ಇದೆಯಲ್ಲ. ಡೆಬಿಯನ್ ಬಳಗದವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮುಖ್ಯ ಕಂಪೈಲರ್ ಬದಲಾಗುವುದಕ್ಕೆ ತಿಂಗಳುಗಳ ಮೊದಲೇ ತಮ್ಮ ಭಂಡಾರದ ಪ್ಯಾಕೇಜುಗಳನ್ನು ಹೊಸದರಿಂದ ಕಟ್ಟಿ ನೋಡುತ್ತಾರೆ. ನಿಂತ ಪ್ರತಿಯೊಂದಕ್ಕೂ ದೋಷವರದಿ ಬರೆಯುತ್ತಾರೆ. ಅವನ್ನು ತಿದ್ದುತ್ತ ಹೊಸದನ್ನು ಮುಖ್ಯವಾಗಿಸುತ್ತಾರೆ. 2024ರಲ್ಲಿ ಬಂದ ಆವೃತ್ತಿ 14 ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಮುಖ್ಯ ಕಂಪೈಲರ್ ಆಗಿ ಬಂದದ್ದು 2025ರ ಆಗಸ್ಟಿನಲ್ಲಿ.

ಕೊನೆಯದಾಗಿ ಹಿಂದಿರುಗುವ ದಾರಿ. ಯಂತ್ರದ ಉಬುಂಟುವನ್ನೇ ಹೊಸ ಆವೃತ್ತಿಗೆ ಏರಿಸುವ ದಿನ ಬರುತ್ತದೆ. 20.04ರಿಂದ 22.04ಕ್ಕೆ ಹೋದರೆ ಮುಖ್ಯ ಕಂಪೈಲರ್ ತಾನಾಗಿ 11 ಆಗುತ್ತದೆ. ನೀವು ಆಲ್ಟರ್ನೇಟಿವ್ಸ್‌ನಲ್ಲಿ ಕಟ್ಟಿದ ಕೊಂಡಿಗಳು ಉಳಿದಿದ್ದರೆ ಜಿಸಿಸಿ ಎಂಬ ಹೆಸರು ಯಾವುದನ್ನು ತೋರಿಸುತ್ತಿದೆ ಎಂಬುದೇ ತಿಳಿಯದೆ ಹೋಗಬಹುದು. ಆದ್ದರಿಂದ ಏರಿಸುವ ಮೊದಲು ‘ಅಪ್‌ಡೇಟ್ ಆಲ್ಟರ್ನೇಟಿವ್ಸ್’ಗೆ ‘ರಿಮೂವ್ ಆಲ್, ಜಿಸಿಸಿ’ ಎಂದು ಹೇಳಿ. ಆಗ ಜಿಸಿಸಿ ಎಂಬ ಹೆಸರೇ ಹೋಗುತ್ತದೆ. ಹೆದರಬೇಡಿ, 9 ಮತ್ತು 10 ಎರಡೂ ತಮ್ಮ ಪೂರ್ತಿ ಹೆಸರಿನಲ್ಲಿ ಹಾಗೆಯೇ ಇರುತ್ತವೆ. ‘ಸುಡೊ ಏಪಿಟಿ ಇನ್‌ಸ್ಟಾಲ್’ ಎಂದು ಬರೆದು, ಎರಡು ಅಡ್ಡಗೆರೆ ‘ರಿಇನ್‌ಸ್ಟಾಲ್’ ಸೇರಿಸಿ, ಜಿಸಿಸಿ ಮತ್ತು ಜಿ ಪ್ಲಸ್ ಪ್ಲಸ್ ಎಂದು ಕೊಡಿ. ಉಬುಂಟುವಿನ ಸ್ವಂತ ಕೊಂಡಿ ಮರಳಿ ಬರುತ್ತದೆ. ಹೋಮ್ ಫೋಲ್ಡರಿನ ಬಿನ್ ಒಳಗೆ ಕೊಂಡಿ ಇಟ್ಟುಕೊಂಡವರಿಗೆ ಇಷ್ಟು ಕೆಲಸವೂ ಇಲ್ಲ. ಆ ಎರಡು ಕೊಂಡಿಗಳನ್ನು ಅಳಿಸಿದರೆ ಮುಗಿಯಿತು. ಆಮೇಲೆ ಜಿಸಿಸಿಯ ಆವೃತ್ತಿಯನ್ನೂ ಜಿ ಪ್ಲಸ್ ಪ್ಲಸ್‌ನ ಆವೃತ್ತಿಯನ್ನೂ ಕೇಳಿ ನೋಡಿ, ಎರಡೂ ಒಂದೇ ಅಂಕಿ ಹೇಳಿದರೆ ಏರಿಸುವ ಕೆಲಸ ಶುರುಮಾಡಿ.